ಬೆಣ್ಣೆ ಬ್ರೇಕ್ ಮಾವ

ಮನೆಯ ಹಿರಿಯರು ತೀರಿಕೊಂಡು ಇನ್ನೂ ಎಂಟು ದಿನವಾಗಿರಲಿಲ್ಲ. ಹಜಾರದಲ್ಲಿ ಹತ್ತು ಹನ್ನೆರಡು ಜನ, ಕುರ್ಚಿ ಸಾಲದೆ ಗೋಡೆಗೆ ಒರಗಿ ಕೂತು ನಗುತ್ತಿದ್ದರು. ನಗು ಎಂದರೆ ಮುಸಿಮುಸಿ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ತರಿಸಿಕೊಳ್ಳುವ ನಗು. ಎದುರುಮನೆಯಾಕೆ ಏನೋ ಎಡವಟ್ಟಾಗಿದೆ ಎಂದುಕೊಂಡು ಬಾಗಿಲವರೆಗೆ ಓಡಿ ಬಂದವಳು, ಇಣುಕಿ ನೋಡಿ, ತಾನೂ ಒಂದು ಮೂಲೆ ಹಿಡಿದು ಕೂತುಬಿಟ್ಟಳು. ಅಡುಗೆಮನೆಯಲ್ಲಿ ಸೊಸೆ ಮೂರನೇ ಸಲ ಟೀಗೆ ನೀರಿಟ್ಟು, ಕಿವಿಯನ್ನೆಲ್ಲ ಹಜಾರದ ಕಡೆಗೇ ಇಟ್ಟಿದ್ದಳು. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದವಳು ಅವಳು. ಮಾವನ ಬಗ್ಗೆ ತನಗೆ ಗೊತ್ತಿಲ್ಲದ ಸಂಗತಿ ಉಳಿದಿಲ್ಲ ಎಂದೇ ತಿಳಿದಿದ್ದಳು.

ಮಾವ ಟೌನ್ ಬಸ್ಸಿನ ಡ್ರೈವರ್ ಆಗಿದ್ದವರು. ಇಪ್ಪತ್ತೆರಡನೇ ವಯಸ್ಸಿಗೆ ಸ್ಟೀರಿಂಗ್ ಹಿಡಿದವರು ಐವತ್ತೆಂಟಕ್ಕೆ ಬಿಟ್ಟರು. ಅಷ್ಟೂ ವರ್ಷ ಏಳನೇ ನಂಬರಿನ ಬಸ್ಸೇ. ರೈಲ್ವೆ ಸ್ಟೇಷನ್ನಿನಿಂದ ಹೊರಟು, ಮಾರ್ಕೆಟ್ ಬಳಸಿ, ನೂಲಿನ ಗಿರಣಿ ದಾಟಿ, ಏರು ಹತ್ತಿ ದೊಡ್ಡಾಸ್ಪತ್ರೆಯ ಮುಂದೆ ನಿಲ್ಲುವ ಬಸ್ಸು. ಹದಿನಾಲ್ಕು ಸ್ಟಾಪು. ಊರಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ‘ಬೆಣ್ಣೆ ಬ್ರೇಕ್’ ಎಂದರೆ ಮನೆಯ ಬಾಗಿಲವರೆಗೂ ತಂದು ಬಿಡುತ್ತಿದ್ದರು. ಅವರು ಬಸ್ಸು ನಿಲ್ಲಿಸಿದರೆ ನಿಂತದ್ದೇ ತಿಳಿಯುತ್ತಿರಲಿಲ್ಲವಂತೆ. ಮೊಟ್ಟೆ ಮಾರುವ ಒಬ್ಬಾಕೆ ಐದು ಟ್ರೇ ಮೊಟ್ಟೆಯನ್ನು ತೊಡೆಯ ಮೇಲೆ ಪೇರಿಸಿಕೊಂಡು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದಳಂತೆ. ಬೇರೆ ಬಸ್ಸು ಬಂದರೆ ಹತ್ತದೆ, ಬಿಸಿಲಲ್ಲಿ ಅರ್ಧ ಗಂಟೆ ಕಾದಾದರೂ ಇವರ ಬಸ್ಸಿಗೇ ಬರುತ್ತಿದ್ದಳಂತೆ.

ಆ ಹೆಸರಿಟ್ಟವರು ಅವರ ಕಂಡಕ್ಟರ್. ಒಣಗಿದ ಬಿದಿರಿನ ಹಾಗೆ ಉದ್ದಕ್ಕೆ, ತೆಳ್ಳಗಿದ್ದ ಮನುಷ್ಯ. ಬರೀ ಎರಡು ಬೆರಳು ಬಾಯಿಗಿಟ್ಟು ಊದಿದರೆ ಮಾರ್ಕೆಟ್ಟಿನ ಪಾರಿವಾಳಗಳೆಲ್ಲ ಏಳುತ್ತಿದ್ದವು. ಹಾಗಾಗಿ ಆತ ಎಲ್ಲರಿಗೂ ಸೀಟಿ ಮಾಮ. ಆ ದಿನ ಹಜಾರದ ನಡುವೆ ಕೂತು ನಗಿಸುತ್ತಿದ್ದವರೂ ಅವರೇ.

“ಗಿರಣಿ ಸ್ಟಾಪಿನ ಕಥೆ ಹೇಳಲಾ ಅತ್ತಿಗೆ?” ಎಂದು ಅವರು ಅತ್ತೆಯ ಕಡೆ ತಿರುಗಿದರು.

“ನಾ ಬೇಡ ಅಂದ್ರೆ ನೀನು ಬಿಡ್ತೀಯಾ? ಹೇಳು, ತಪ್ಪಿದ್ರೆ ತಿದ್ತೀನಿ” ಎಂದರು ಅತ್ತೆ.

ಅತ್ತೆ ಆಗ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರೂ ನಲವತ್ತಕ್ಕೆ ಗಿರಣಿ ಸ್ಟಾಪಿಗೆ ಬಸ್ಸು ಬರುತ್ತಿತ್ತು. ಆಕೆ ಬರುತ್ತಿದ್ದದ್ದು ಆರೂ ನಲವತ್ನಾಲ್ಕಕ್ಕೆ, ಬಾಯಲ್ಲಿ ಎರಡು ಹೇರ್‌ಪಿನ್ನು ಕಚ್ಚಿಕೊಂಡು, ಓಡೋಡಿ. ಆದರೆ ಒಂದು ದಿನವೂ ಬಸ್ಸು ತಪ್ಪಿದ್ದಿಲ್ಲ. ಯಾಕೆಂದರೆ ಸರಿಯಾಗಿ ಆ ಸ್ಟಾಪಿನಲ್ಲೇ ಇಂಜಿನ್ನಿಗೆ ಏನೋ ಆಗುತ್ತಿತ್ತು. ಡ್ರೈವರ್ ಇಳಿದು, ಬಾನೆಟ್ ಎತ್ತಿ, ಒಳಗೆ ತಲೆ ಹಾಕಿ ನಾಲ್ಕು ನಿಮಿಷ ಏನೇನೋ ತಡಕುತ್ತಿದ್ದರು. ಆಕೆ ಹತ್ತಿದ ಕೂಡಲೇ ಇಂಜಿನ್ ಗುಣವಾಗುತ್ತಿತ್ತು.

“ಒಂದು ದಿನ, ರಾತ್ರಿ ಪಾಳಿ ಮುಗಿಸಿ ಹತ್ತಿದ್ದ ಗಿರಣಿ ಮೇಸ್ತ್ರಿ ರೇಗಿಬಿಟ್ಟ” ಎಂದರು ಸೀಟಿ ಮಾಮ. “ದಿನಾ ಇದೇ ಸ್ಟಾಪಲ್ಲೇ ಇಂಜಿನ್ ಕೆಡೋದು ಯಾಕ್ರೀ ಅಂತ ಕೂಗಾಡಿದ. ನಾನಂದೆ, ಇಂಜಿನ್ ಚೆನ್ನಾಗೇ ಇದೆ ಸಾರ್, ಕೆಟ್ಟಿರೋದು ಡ್ರೈವರ್ರು. ಇಡೀ ಬಸ್ಸು ಗೊಳ್ಳಂತ ನಕ್ತು. ಈಯಮ್ಮ ಬಾಯಲ್ಲಿದ್ದ ಪಿನ್ನು ನುಂಗದೇ ಇದ್ದದ್ದೇ ಹೆಚ್ಚು.”

“ಅವತ್ತಿನವರೆಗೂ ನಾನು, ಪಾಪ ಬಸ್ಸು ಹಳೇದು ಅಂದ್ಕೊಂಡಿದ್ದೆ” ಎಂದರು ಅತ್ತೆ. “ಇವರ ಮುಖ ನೋಡ್ತೀನಿ, ಕಿವಿವರೆಗೂ ಕೆಂಪು. ಕೈಯೆಲ್ಲ ಗ್ರೀಸು. ಆಮೇಲೆ ಒಂದು ವಾರ ನಾನು ಬೇಕಂತ ಹತ್ತು ನಿಮಿಷ ಮುಂಚೆ ಹೋಗಿ ನಿಂತೆ, ನೋಡೋಣ ಏನ್ ಮಾಡ್ತಾರೆ ಅಂತ. ಆಗ್ಲೂ ಬಾನೆಟ್ ಎತ್ತಿದ್ರು, ರೂಢಿ ತಪ್ಪಲಿಲ್ಲ.”

ಸೊಸೆ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಈ ಕಥೆ ಅವಳಿಗೆ ಹೊಸದು. ಅವಳು ಆ ಮನೆಗೆ ಬರುವ ಹೊತ್ತಿಗೆ ಮಾವ ರಿಟೈರಾಗಿ ಏಳು ವರ್ಷ ಕಳೆದಿತ್ತು.

ಅವರ ಒಬ್ಬನೇ ಮಗನಿಗೆ, ಅಂದರೆ ಅವಳ ಗಂಡನಿಗೆ, ಬಸ್ಸು ಆಗಿಬರುತ್ತಿರಲಿಲ್ಲ. ಹತ್ತಿ ಎರಡು ಸ್ಟಾಪು ಹೋಗುವುದರೊಳಗೆ ಮುಖ ಬಿಳಿಚಿ, ಕಿಟಕಿಯಾಚೆ ತಲೆ ಹಾಕುತ್ತಿದ್ದ. ಬಸ್ ಡ್ರೈವರ್ ಮಗನಿಗೆ ಬಸ್ಸು ಅಂದ್ರೆ ವಾಂತಿ ಎಂದು ಊರೆಲ್ಲ ಆಡಿಕೊಂಡಿತು. ಅವನಮ್ಮ ಮಾತ್ರೆ ಕೊಟ್ಟು ನೋಡಿದರು, ಅಪ್ಪ ಮುಂದಿನ ಸೀಟಲ್ಲಿ ಕೂರಿಸಿ ನೋಡಿದರು. ಕೊನೆಗೆ ಅಪ್ಪನೇ, “ಹೋಗ್ಲಿ ಬಿಡೋ, ಕೂತಲ್ಲೇ ಕೂತು ಮಾಡೋ ಕೆಲಸ ಹುಡುಕೋಣ” ಎಂದು ದರ್ಜಿ ಕೆಲಸ ಕಲಿಸಿದರು. ಮನೆಯಿಂದ ಇನ್ನೂರು ಹೆಜ್ಜೆಯಾಚೆ ಅವನ ಅಂಗಡಿ. ಹೊಲಿಗೆ ಮೆಷಿನ್ನಿನ ಪೆಡಲ್ ಒಂದು ಬಿಟ್ಟರೆ ಅವನು ಜನ್ಮದಲ್ಲಿ ಬೇರೆ ಪೆಡಲ್ ಮುಟ್ಟಲಿಲ್ಲ.

ರಿಟೈರಾದ ಮೇಲೂ ಮಾವ ಏಳನೇ ನಂಬರ್ ಬಿಡಲಿಲ್ಲ. ದಿನಾ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಹತ್ತಿ, ಡ್ರೈವರ್ ಬೆನ್ನ ಹಿಂದಿನ ಸೀಟಲ್ಲಿ ಕೂತು ಆಸ್ಪತ್ರೆವರೆಗೆ ಹೋಗಿ ಬರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಗೇರು ಒರಟಾಗಿ ಬಿದ್ದರೆ ಮಾತ್ರ ನಾಲಿಗೆಯಿಂದ ‘ಚ್ಚ್’ ಎಂದು ಸಣ್ಣಗೆ ಸದ್ದು. ಅಷ್ಟಕ್ಕೇ ಹೊಸ ಡ್ರೈವರುಗಳು ತಬ್ಬಿಬ್ಬಾಗಿ ಇನ್ನೆರಡು ಗೇರು ಒರಟಾಗಿ ಹಾಕುತ್ತಿದ್ದರು. ಕಡೆಗೆ ಡಿಪೋ ಮ್ಯಾನೇಜರೇ ಒಂದು ಚೀಲ ಕಿತ್ತಳೆ ಹಿಡಿದು ಮನೆಗೆ ಬಂದರು. ಹವಾಮಾನದ ಮಾತಾಡಿದರು, ಮಂಡಿನೋವಿನ ಮಾತಾಡಿದರು. ಎದ್ದು ಹೊರಡುವಾಗ, “ಯಜಮಾನ್ರೇ, ತಪ್ಪು ತಿಳೀಬೇಡಿ, ನೀವು ಸ್ವಲ್ಪ ಹಿಂದಿನ ಸೀಟಲ್ಲಿ ಕೂತ್ಕೋಬಹುದಾ?” ಎಂದು ಕೇಳಿದರು. ಮಾವ, “ಹಿಂದಿನ ಸೀಟಿಗೂ ಗೇರು ಕೇಳ್ಸುತ್ತೆ ಸಾರ್” ಎಂದರು. ಆದರೂ ಮಾರನೇ ದಿನದಿಂದ ಹಿಂದೆಯೇ ಕೂತರು.

ಈ ಸೊಸೆಯೋ, ರಸ್ತೆ ದಾಟಲು ಹೆದರುವವಳು. ಯಾರಾದರೂ ಗೊತ್ತಿಲ್ಲದವರು ದಾಟುವವರೆಗೆ ಕಾದು, ಅವರ ನೆರಳಿಗೆ ಅಂಟಿಕೊಂಡು ಆಚೆ ಬದಿ ಸೇರುತ್ತಿದ್ದಳು. ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿಯುವುದು, ಅಂಚು ಮಡಿಸುವುದು, ಮನೆ, ಮಗಳ ಶಾಲೆ, ಇಷ್ಟೇ ಅವಳ ಓಡಾಟ. ಮದುವೆಯಾಗಿ ಐದು ವರ್ಷ ಹೀಗೇ ನಡೆಯಿತು.

ಆ ವರ್ಷ ಮಾವನಿಗೆ ಎಪ್ಪತ್ತು. ರಿಟೈರಾದಾಗ ಕೊಂಡ ಆಕಾಶನೀಲಿ ಬಣ್ಣದ ಹಳೆಯ ಕಾರೊಂದಿತ್ತು. ಅತ್ತೆಯನ್ನು ಕೂರಿಸಿಕೊಂಡು ಸಂಜೆ ಹೊತ್ತು ಊರಾಚೆಯ ಕೆರೆಯವರೆಗೆ ಹೋಗಿ ಬರುವುದು ಅವರ ಸುಖ. ಕಣ್ಣಿನ ಡಾಕ್ಟರ್ ಅದಕ್ಕೆ ಕಲ್ಲು ಹಾಕಿದರು. “ಎದುರಿಗಿರೋದು ನಿಮಗೆ ಕಾಣುತ್ತೆ, ಪಕ್ಕದಿಂದ ಬರೋದು ಕಾಣಲ್ಲ. ಇನ್ನು ಸ್ಟೀರಿಂಗ್ ಬೇಡ” ಎಂದರು. ಮಾವ ಮನೆಗೆ ಬಂದು ಬೀಗದ ಕೈಯನ್ನು ಮೊಳೆಗೆ ಹಾಕಿ ಎರಡು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಯಾರೂ ಅವರ ತಂಟೆಗೆ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, ಸೊಸೆ ಈರುಳ್ಳಿ ಹೆಚ್ಚುತ್ತಿದ್ದ ಮಣೆಯ ಪಕ್ಕದಲ್ಲಿ ಬೀಗದ ಕೈ ಇಟ್ಟರು.

“ಕಲಿ” ಎಂದರು.

“ನಾನಾ ಮಾವ? ರಸ್ತೆ ದಾಟೋಕೇ ಹೆದರ್ತೀನಿ ನಾನು.”

“ಅದಕ್ಕೇ ಹೇಳ್ತಿರೋದು. ಹೆದರೋರಿಗೆ ಕಲಿಸಬಹುದು. ಹೆದರದೇ ಇರೋರಿಗೆ ಕಲಿಸೋಕೆ ನನ್ನ ಕೈಲಿ ಆಗಲ್ಲ.”

ಈರುಳ್ಳಿ ನೆಪದಲ್ಲಿ ಕಣ್ಣೊರೆಸಿಕೊಂಡು ಅವಳು ಹೂಂ ಅಂದಳು. ಮಾವನಿಗೆ ಇಲ್ಲ ಎನ್ನುವ ಧೈರ್ಯ ರಸ್ತೆ ದಾಟುವ ಧೈರ್ಯಕ್ಕಿಂತಲೂ ಕಡಿಮೆಯಿತ್ತು.

ಮೊದಲ ವಾರ ಕಾರು ಜಾಗ ಬಿಟ್ಟು ಕದಲಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿ ನಿಲ್ಲು ಎಂದರು, ನಿಂತಳು. ಇಂಜಿನ್ ಯಾವಾಗ ಸುಸ್ತಾಗಿದೆ, ಯಾವಾಗ ಗೇರು ಕೇಳುತ್ತಿದೆ ಎಂದು ಸದ್ದಿನಲ್ಲೇ ಹೇಳಬೇಕು. ಬೀದಿಯವರು ಮಾವ ಸೊಸೆ ಕಾರಿಗೆ ಏನೋ ಮಂತ್ರ ಹಾಕುತ್ತಿದ್ದಾರೆ ಎಂದುಕೊಂಡರು. ಎರಡನೇ ವಾರ ಗಾಡಿ ಚಲಿಸಿತು. ಆಗ ಮಾವ ಒಂದು ಲೋಟದ ತುಂಬ ನೀರು ತುಂಬಿ, ಪಕ್ಕದ ಸೀಟಲ್ಲಿ ಕೂತು, ಅದನ್ನು ತೊಡೆಯ ಮೇಲೆ ಹಿಡಿದುಕೊಂಡರು. “ಈ ನೀರು ಚೆಲ್ಲಬಾರದು. ಅಷ್ಟೇ ಡ್ರೈವಿಂಗು. ಬೇರೆ ಏನೂ ಇಲ್ಲ.”

ಒಂದು ತಿಂಗಳು ಮಾವ ದಿನಾ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದರು. ಬೀದಿಯ ಹೆಂಗಸರು ವಯಸ್ಸಾಯ್ತಲ್ಲ, ಪಾಪ ಎಂದು ಮರುಗಿದರು. ಒಬ್ಬಾಕೆ ಅತ್ತೆಯನ್ನು ಪಕ್ಕಕ್ಕೆ ಕರೆದು ಒಳ್ಳೆಯ ಡಾಕ್ಟರ ಹೆಸರು ಹೇಳಿದಳು. ಅತ್ತೆ ಮನೆಗೆ ಬಂದು ಗಂಡನನ್ನು ಕೇಳಿದರು, “ನೀರಿನ ಲೋಟ ಅಂತ ಹೇಳಬಾರದಾ ಎಲ್ಲರಿಗೂ?”

“ಹೇಳಿದ್ರೆ ಚೆಲ್ಲಿದವಳು ಅವಳು ಅಂತಾಗುತ್ತೆ” ಎಂದರು ಮಾವ. “ನಾನೇ ಅಂದ್ಕೊಳ್ಳಲಿ ಬಿಡು, ನಂಗೇನು ಇನ್ನೊಂದು ಮದುವೆ ಆಗಬೇಕಾ?”

ಆ ಮಾತು ಸೊಸೆಯ ಕಿವಿಗೆ ಬಿತ್ತು. ಅಂದಿನಿಂದ ಲೋಟದ ನೀರು ಅರ್ಧಕ್ಕರ್ಧ ಉಳಿಯತೊಡಗಿತು.

ಆದರೂ ಎಲ್ಲ ನೆಟ್ಟಗೆ ನಡೆಯಲಿಲ್ಲ. ಒಂದು ಮಧ್ಯಾಹ್ನ ಹಿಂದಕ್ಕೆ ತೆಗೆಯುವಾಗ ಕಾಲು ಬ್ರೇಕಿನ ಬದಲು ಪಕ್ಕದ ಪೆಡಲಿಗೆ ಬಿದ್ದು, ಕಾರು ಪಕ್ಕದ ಮನೆಯ ರಿಟೈರ್ಡ್ ಹೆಡ್ ಮಾಸ್ತರರ ಕಾಂಪೌಂಡ್ ಗೋಡೆಯನ್ನು ಮೂರು ಮಾರು ಕೆಡವಿತು. ಅವಳು ಇಳಿದವಳೇ ಓಡಿ ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡಳು. ಒಂದು ಗಂಟೆ ಹೊರಗೆ ಬರಲಿಲ್ಲ. ಗಂಡ ಕರೆದ, ಅತ್ತೆ ಕರೆದರು, ಪುಟ್ಟ ಮಗಳೂ ಬಾಗಿಲು ತಟ್ಟಿದಳು. ಕೊನೆಗೆ ಮಾವ ಒಂದು ಸ್ಟೂಲು ತಂದು ಬಾಗಿಲ ಹೊರಗೆ ಹಾಕಿಕೊಂಡು ಕೂತರು.

“ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಿಲ್ಲ, ನಿಮ್ಮತ್ತೆಗೂ” ಎಂದು ದನಿ ತಗ್ಗಿಸಿದರು. “ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಿಪೋದಿಂದ ಬಸ್ಸು ತೆಗೆದೆ. ಗೇಟು ಪೂರ್ತಿ ತೆಗೆದಿರಲಿಲ್ಲ. ನಂಗೆ ಗೊತ್ತೇ ಆಗಲಿಲ್ಲ. ಆ ಗೇಟು ನನ್ನ ಬಂಪರ್ ಹಿಡ್ಕೊಂಡು ಎರಡು ಸ್ಟಾಪು ಬಂತು. ಎರಡನೇ ಸ್ಟಾಪಲ್ಲಿ ಒಬ್ಬ ಮುದುಕ ಕೇಳ್ದ, ಇದೇನಪ್ಪಾ, ಬಾಗಿಲು ಮುಂದುಗಡೆ ಮಾಡ್ಬಿಟ್ರಾ ಅಂತ.”

 ಒಳಗಿಂದ ಸಣ್ಣಗೆ ನಗು. ಚಿಲಕ ಸರಿಯಿತು.

ಗೋಡೆಯನ್ನು ಮಾವನೇ ಕಟ್ಟಿಕೊಟ್ಟರು. ಮೂರು ದಿನ ಇಟ್ಟಿಗೆ ಹೊತ್ತು, ಗಾರೆ ಕಲೆಸಿ, ತಾವೇ ಕರಣೆ ಹಿಡಿದರು. ಅದು ಹಾವು ಹರಿದ ಹಾಗೆ ಸೊಟ್ಟಗೆ ಎದ್ದಿತು. ಹೆಡ್ ಮಾಸ್ತರರು ಕನ್ನಡಕ ಏರಿಸಿ ಈ ತುದಿಯಿಂದ ಆ ತುದಿ ನೋಡಿ, “ನಿಮ್ಮ ಸೊಸೆ ಕೆಡವಿದ್ದೇ ಇದಕ್ಕಿಂತ ವಾಸಿಯಾಗಿತ್ತು” ಎಂದರು.

ಎರಡು ವರ್ಷ ಕಳೆಯುವ ಹೊತ್ತಿಗೆ ಸಂಜೆ ಕೆರೆಯವರೆಗೆ ಅತ್ತೆ ಮಾವನನ್ನು ಕರೆದೊಯ್ಯುವುದು ಸೊಸೆಯ ಕೆಲಸವಾಗಿತ್ತು. ಅದಷ್ಟಕ್ಕೇ ನಿಂತಿದ್ದರೆ ಹೇಳುವಂಥದ್ದೇನಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವಳ ತಟ್ಟೆಯ ಕೆಳಗೆ ಒಂದು ಕಾಗದ ಸಿಕ್ಕಿತು. ಡಿಪೋದ ಅರ್ಜಿ ನಮೂನೆ. ಬಸ್ ಡ್ರೈವರ್ ಕೆಲಸಕ್ಕೆ ಹೆಂಗಸರೂ ಅರ್ಜಿ ಹಾಕಬಹುದು ಎಂದು ಆ ವರ್ಷ ಹೊಸದಾಗಿ ಪ್ರಕಟಣೆ ಬಂದಿತ್ತು.

ಅವಳು ಅತ್ತೆಯ ಮುಖ ನೋಡಿದಳು. “ನನ್ನ ಮುಖದಲ್ಲೇನಿದೆ?” ಎಂದರು ಅತ್ತೆ. “ನಾನು ಕೆಲಸಕ್ಕೆ ಹೋಗುವಾಗ ಯಾರನ್ನೂ ಕೇಳಲಿಲ್ಲ.” ಗಂಡನ ಮುಖ ನೋಡಿದಳು. ಅವನು ಬೇಗಬೇಗ ಊಟ ಮುಗಿಸಿ ಎದ್ದು ಹೋದ. ಅವನಿಗೆ ಬೇಸರವಾಯಿತೆಂದು ಅವಳು ಇಡೀ ಮಧ್ಯಾಹ್ನ ಕೊರಗಿದಳು. ಸಂಜೆ ಅಂಗಡಿಗೆ ಹೋದರೆ ಅವನು ಖಾಕಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. “ನಿಲ್ಲು, ಸೊಂಟದ ಅಳತೆ ಕೊಡು” ಎಂದ. “ಇನ್ನೂ ಅರ್ಜಿನೇ ಹಾಕಿಲ್ಲ” ಎಂದಳು. “ಗುಂಡಿ ನೀನೇ ಹೊಲ್ಕೋಬೇಕು, ನಂಗೆ ಕೆಲಸ ಇದೆ” ಎಂದ ಅವನು, ತಲೆ ಎತ್ತದೆ.

ದೊಡ್ಡ ಗಾಡಿಯ ತರಬೇತಿಗೆ ಆರು ತಿಂಗಳು ಹೋದಳು. ಪರೀಕ್ಷೆಯ ದಿನ ಮಾವ ಬರಲಿಲ್ಲ. “ನಾನು ಬಂದು ನಿಂತರೆ ನೀನು ಪಾಸಾದರೂ ನಾನು ಪಾಸು ಮಾಡ್ಸಿದೆ ಅಂತಾರೆ” ಎಂದು ಹೇಳಿ ಕ್ಷೌರಕ್ಕೆ ಹೋದರು. ಅಲ್ಲಿ ನಿಮಿಷಕ್ಕೊಮ್ಮೆ ಗಡಿಯಾರದ ಕಡೆ ತಲೆ ತಿರುಗಿಸಿ, ಒಂದು ಕಡೆಯ ಮೀಸೆ ಸಣ್ಣದಾಗಿ ಬಂದರು. ಅವಳು ಸಪ್ಪೆ ಮುಖ ಹಾಕಿಕೊಂಡು ಬಂದಳು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಬಸ್ಸು ಹಿಂದಕ್ಕೆ ಜಾರಿ ಕಂಬಕ್ಕೆ ತಾಗಿತ್ತು. ಫೇಲು.

“ಎಷ್ಟು ಜಾರಿತು?” ಮಾವ ಕೇಳಿದರು.

“ಒಂದು ಮೊಳ.”

“ಮುಂದಿನ ಸಲ ಗೇಣಿಗೆ ಇಳಿಸೋಣ. ಅದರ ಮುಂದಿನ ಸಲ ಬೆರಳಿಗೆ.”

ಮುಂದಿನ ಸಲಕ್ಕೇ ಮುಗಿಯಿತು. ಬಸ್ಸು ಕೂದಲೆಳೆಯಷ್ಟೂ ಜಾರಲಿಲ್ಲ. ಏಳನೇ ನಂಬರೇ ಸಿಗಬೇಕೆಂದು ಯಾರೂ ಕೇಳಿರಲಿಲ್ಲ, ಸಿಕ್ಕಿದ್ದು ಹನ್ನೊಂದನೇ ನಂಬರು. ಮಾವನಿಗೆ ಆ ದಾರಿ ಅಷ್ಟಾಗಿ ಗೊತ್ತಿರಲಿಲ್ಲ. “ಒಳ್ಳೇದಾಯ್ತು, ಈಗ ನೀನೇ ನಂಗೆ ಹೇಳ್ಕೊಡು” ಎಂದರು.

ಮೊದಲ ದಿನ ಅವರು ಹೇಳದೆ ಕೇಳದೆ ಬಂದು ಹಿಂದಿನ ಸೀಟಲ್ಲಿ ಕೂತಿದ್ದರು. ಅಲ್ಲಿ ನಡೆದದ್ದನ್ನು ಆ ಬಸ್ಸಿನ ಮಹಿಳಾ ಕಂಡಕ್ಟರ್ ಆಮೇಲೆ ಅವಳಿಗೆ ಹೇಳಿದಳು. ಪಕ್ಕದಲ್ಲಿ ಕೂತವನೊಬ್ಬ ಮುಂದೆ ಬಗ್ಗಿ ನೋಡಿ ಗಾಬರಿಯಾಗಿ, “ಹೆಂಗಸು ಓಡಿಸ್ತಿದ್ದಾಳಲ್ರೀ, ನಿಮಗೆ ಭಯ ಆಗಲ್ವಾ?” ಎಂದನಂತೆ.

“ಆಗುತ್ತೆ” ಎಂದರಂತೆ ಮಾವ. “ಮನೇಲಿ ನಂಗೆ ಊಟ ಹಾಕೋದೂ ಇವಳೇ. ಏನಾದ್ರೂ ಅಂದ್ರೆ ಸಂಜೆ ಉಪವಾಸ.”

ಆ ಮನುಷ್ಯ ಮುಂದಿನ ಸ್ಟಾಪಲ್ಲಿ ಇಳಿಯಬೇಕಿತ್ತು. ನಿಂತದ್ದು ತಿಳಿಯದೆ ಅದರ ಮುಂದಿನ ಸ್ಟಾಪಲ್ಲಿ ಇಳಿದನಂತೆ.

ಅದಾಗಿ ಒಂದು ತಿಂಗಳಿಗೆ, ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ, ಗಂಡ ಜೇಬಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ಅವಳ ಬಸ್ಸು ಹತ್ತಿದ. ನಾಲ್ಕು ಸ್ಟಾಪಿನವರೆಗೆ ಕೂತಿದ್ದ. ಐದನೆಯದಕ್ಕೆ ಮೊದಲು ಕೈ ಎತ್ತಿದ, ಇಳಿದ, ಉಳಿದ ದಾರಿಯನ್ನು ನಡೆದೇ ಬಂದು, ಅವಳು ಮುಂದಿನ ಟ್ರಿಪ್ಪಿಗೆ ಬಂದಾಗ ಕೊನೆಯ ಸ್ಟಾಪಿನಲ್ಲಿ ನಗುತ್ತ ನಿಂತಿದ್ದ. ಮನೆಗೆ ಬಂದು ಅಪ್ಪನಿಗೆ ವರದಿ ಒಪ್ಪಿಸಿದ.

“ನಾಲ್ಕಾ?” ಎಂದರು ಮಾವ. “ನನ್ನ ಬಸ್ಸಲ್ಲಿ ಎರಡು ದಾಟಿರಲಿಲ್ಲ ನೀನು.” ಹೆಂಡತಿಯ ಕಡೆ ತಿರುಗಿದರು. “ಕೇಳಿಸ್ತಾ? ಇವಳು ನನ್ನ ಎರಡರಷ್ಟು ಚೆನ್ನಾಗಿ ಓಡಿಸ್ತಾಳೆ. ಲೆಕ್ಕ ನಿನ್ನ ಮಗನದು, ನಂದಲ್ಲ.”

ಮುಂದಿನ ವರ್ಷಗಳಲ್ಲಿ ಅವರ ಕಣ್ಣು ಇನ್ನಷ್ಟು ಮಬ್ಬಾಯಿತು. ಹಗಲು ಹೊತ್ತು ಮಗನ ಅಂಗಡಿಯಲ್ಲಿ, ಬಟ್ಟೆಯ ತುಂಡುಗಳ ನಡುವೆ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಸ್ಸುಗಳು ಮುಂದಿನ ತಿರುವು ಹತ್ತುವ ಸದ್ದಿನಿಂದಲೇ ಓಡಿಸುವವರನ್ನು ಗುರುತು ಹಿಡಿಯುತ್ತಿದ್ದರು. “ಇವನು ಹೆಂಡತಿ ಹತ್ರ ಜಗಳ ಆಡಿ ಬಂದಿದ್ದಾನೆ”, “ಇವನಿಗೆ ಹಸಿವಾಗಿದೆ” ಎನ್ನುತ್ತಿದ್ದರು. ಆ ಡ್ರೈವರುಗಳು ಅಂಗಡಿಗೆ ಬಂದಾಗ ಮಗ ಕೇಳಿ ನೋಡಿದರೆ ಹತ್ತರಲ್ಲಿ ಆರು ಸಲ ನಿಜವಾಗಿರುತ್ತಿತ್ತು. ಉಳಿದ ನಾಲ್ಕು ಸಲ, ಅವರು ಒಪ್ಪಿಕೊಳ್ಳುತ್ತಿಲ್ಲ ಎಂದು ಮಾವನ ವಾದ.

ಎಂಬತ್ತಮೂರನೇ ವಯಸ್ಸಿನಲ್ಲಿ, ಆ ಕುರ್ಚಿಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಮೆಷಿನ್ನಿನಲ್ಲಿ ಅರ್ಧ ಹೊಲಿದ ತೋಳು ಹಾಗೇ ಬಿಟ್ಟು ಮಗ ಅಪ್ಪನ ಕೈ ಹಿಡಿದು ಕೂತಿದ್ದ. ಸೊಸೆಗೆ ಸುದ್ದಿ ತಲುಪಿದ್ದು ಕೊನೆಯ ಸ್ಟಾಪಿನಲ್ಲಿ. ಅವಳು ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಕಂಡಕ್ಟರ್ ಅವಳ ಬೆನ್ನು ಸವರುತ್ತ ನಿಂತಳು. ಬದಲಿ ಡ್ರೈವರ್ ಬರುವವರೆಗೆ ಒಬ್ಬ ಪ್ರಯಾಣಿಕನೂ ತಡವಾಯಿತು ಎನ್ನಲಿಲ್ಲ.

ಈಗ ಹಜಾರದಲ್ಲಿ ಟೀ ಮುಗಿದಿತ್ತು. ಅತ್ತೆ ಒಳಗಿನಿಂದ ಮಡಿಸಿದ ಶರ್ಟುಗಳನ್ನು ತಂದು ಚಾಪೆಯ ಮೇಲಿಟ್ಟರು. ಹನ್ನೊಂದು ಇದ್ದವು, ಎಲ್ಲವೂ ಮಗ ಹೊಲಿದದ್ದು. “ಪೆಟ್ಟಿಗೆಯಲ್ಲಿಟ್ಟು ಏನ್ ಮಾಡ್ಲಿ? ಹಾಕ್ಕೊಳ್ಳೋರು ಹಾಕ್ಕೊಳ್ಳಿ” ಎಂದರು. ಹೆಡ್ ಮಾಸ್ತರರು ಬಿಳಿಯದನ್ನು ಆರಿಸಿಕೊಂಡರು. ಸೀಟಿ ಮಾಮನಿಗೆ ನೀಲಿ ಚೌಕಳಿಯದು ಸಿಕ್ಕಿತು. ಅಲ್ಲೇ ಹಾಕಿಕೊಂಡರು. ಹೊಟ್ಟೆಯ ಹತ್ತಿರ ಇನ್ನೊಬ್ಬರು ಹಿಡಿಯುವಷ್ಟು ಜಾಗ, ತೋಳು ಮಾತ್ರ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ನಿಂತಿತು.

“ಬಿಚ್ಚಿ ಕೊಡಿ ಮಾಮ” ಎಂದ ಮಗ. “ತೋಳು ಇಳಿಸಿ ಕೊಡ್ತೀನಿ. ಒಳಗೆ ಬಟ್ಟೆ ಬಿಟ್ಟಿದ್ದೀನಿ.”

“ಬೇಡಪ್ಪ” ಎಂದರು ಸೀಟಿ ಮಾಮ, ತೋಳನ್ನು ಎಳೆದುಕೊಳ್ಳುತ್ತ. “ಇಳಿಸಿದ್ರೆ ನನ್ನ ಶರ್ಟ್ ಆಗೋಗುತ್ತೆ.”

ಸೊಸೆಗೆ ಅಂದು ಎರಡು ಗಂಟೆಯ ಪಾಳಿಯಿತ್ತು, ರಜೆಯ ನಂತರ ಮೊದಲನೆಯದು. ಅವಳು ಯೂನಿಫಾರಂ ಹಾಕಿಕೊಂಡು ಹೊರಬಂದಾಗ ಸೀಟಿ ಮಾಮ ಚಪ್ಪಲಿ ಮೆಟ್ಟಿ ಕಾಯುತ್ತಿದ್ದರು. ಡಿಪೋದವರೆಗೂ ಜೊತೆಗೆ ನಡೆದರು. ದಾರಿಯುದ್ದಕ್ಕೂ, ಅತ್ತೆಯ ಎದುರು ಹೇಳಲಾಗದ ಇನ್ನೊಂದು ಕಥೆ ಹೇಳಿದರು. ಅವಳು ಎಷ್ಟು ನಕ್ಕಳೆಂದರೆ, ಮಾವನನ್ನು ಕಳೆದುಕೊಂಡವಳು ಇವಳೇ ಹೌದಾ ಎಂದು ಗೇಟಿನ ಕಾವಲುಗಾರ ಅವಳ ಕಾರ್ಡು ಎರಡು ಸಲ ನೋಡಿದ.